ಹೊರೆಗೆ ಮೊದಲು ತನ್ನ ಹೆಗಲನ್ನು ಕೊಟ್ಟ ನಾಯಕನು



ಜೋಡೆತ್ತುಗಳಲ್ಲಿ ಒಂದು ನೊಗಕ್ಕೆ ಹೆಗಲು ಕೊಡದೆ ಹಿಂದೆ ನಿಂತರೆ ಬಂಡಿಯು ಏರನ್ನು ಹತ್ತಲಾರದೆಂಬದು ಒಕ್ಕಲುತನ ಮಾಡುವ ನಮಗೆಲ್ಲರಿಗೂ ತಿಳಿದ ಸಂಗತಿ. ಊರಿನ ಕಾರ್ಯವೂ ದೇಶದ ಕಾರ್ಯವೂ ಹಾಗೆಯೇ ಇವೆ. ಜನರ ಮೇಲೆ ಹೊರೆಯನ್ನು ಹೊರಿಸುವ ನಾಯಕರು ಅನೇಕರು; ಆ ಹೊರೆಗೆ ಮೊದಲು ತಮ್ಮ ಹೆಗಲನ್ನು ಕೊಟ್ಟು ನೋಡುವವರು ಕೆಲವರೇ. ಅಂಥವರಲ್ಲಿ ಒಬ್ಬರು ನಮ್ಮ ದೇಶದ ಎರಡನೆಯ ಪ್ರಧಾನಮಂತ್ರಿಗಳಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ಅವರು ತೀರಿಹೋಗಿ ಬಹು ವರ್ಷಗಳಾದಾಗ್ಯೂ ಅವರ ನಡತೆಯಿಂದ ನಾವು ಕಲಿಯತಕ್ಕದ್ದು ಇನ್ನೂ ಉಂಟು. ಆದಕಾರಣ ಈ ತಿಂಗಳ ಪಾಠಕ್ಕೆ ಅವರ ಜೀವಮಾನವನ್ನು ಆರಿಸಿಕೊಂಡಿದ್ದೇವೆ.

ಶಾಸ್ತ್ರಿಯವರು 1904ನೆಯ ಇಸವಿ ಅಕ್ಟೋಬರ್ 2ರಂದು ಕಾಶಿಗೆ ಸಮೀಪವಾದ ಮೊಗಲ್‌ಸರಾಯಿಯಲ್ಲಿ ಹುಟ್ಟಿದರು. ಕೂಸು ಎರಡು ವರುಷ ತುಂಬುವದರೊಳಗೆ ತಂದೆಯು ತೀರಿಕೊಂಡದ್ದರಿಂದ ತಾಯಿಯು ಮಕ್ಕಳೊಡನೆ ತವರುಮನೆಯನ್ನು ಸೇರಬೇಕಾಯಿತು. ಬಾಲಕನು ಬಡತನದಲ್ಲಿಯೇ ಬೆಳೆದನು. ‘ಶಾಸ್ತ್ರಿ’ ಎಂಬದು ಅವರ ಜಾತಿಯ ಹೆಸರೆಂದು ಕೆಲವರು ತಿಳಿದುಕೊಂಡಿದ್ದಾರೆ, ಅದು ಸರಿಯಲ್ಲ. ಅದು ಕಾಶೀ ವಿದ್ಯಾಪೀಠದಲ್ಲಿ ಓದಿ ಪಡೆದ ಪದವಿ. ಹುಟ್ಟಿನಿಂದ ಬಂದ ಕುಲಸೂಚಕವಾದ ಹೆಸರನ್ನಾದರೋ ಅವರು ಎಳೆಯ ಪ್ರಾಯದಲ್ಲಿಯೇ ಬಿಟ್ಟುಬಿಟ್ಟಿದ್ದರು. ಮದುವೆಯಲ್ಲಿ ಒಂದು ರಾಟೆಯನ್ನೂ ಕೆಲವು ಗಜ ಖಾದಿ ಬಟ್ಟೆಯನ್ನೂ ಹೊರತು ಬೇರೆ ವರದಕ್ಷಿಣೆಯನ್ನು ಅವರು ತೆಗೆದುಕೊಳ್ಳಲಿಲ್ಲ. ಸ್ವಾತಂತ್ರ್ಯಕ್ಕಾಗಿ ಅನೇಕ ವರುಷಗಳನ್ನು ಸೆರೆಮನೆಯಲ್ಲಿ ಕಳೆದರು. ಆಳಿನಲ್ಲಿ ಗಿಡ್ಡರು, ಮಾತಿನಲ್ಲಿ ಮೆತ್ತನೆಯವರು. ಇಂಥವನು ಏನು ಆಳಿಯಾನು ಎಂದುಕೊಂಡವರು ಇಲ್ಲದಿರಲಿಲ್ಲ. ಆಳಿದ ಬಗೆಯನ್ನು ನಾಲ್ಕು ಸಂಗತಿಗಳಿಂದ ನೋಡೋಣ.

ಒಂದನೆಯದು: ತಪ್ಪಿನ ಭಾರವನ್ನು ಕೆಳಗಿನವರ ಮೇಲೆ ಹಾಕಲಿಲ್ಲ

1952ರಿಂದ ಅವರು ರೈಲ್ವೆ ಮಂತ್ರಿಗಳಾಗಿದ್ದರು. 1956ರಲ್ಲಿ ಮೆಹಬೂಬನಗರದ ಬಳಿಯಲ್ಲಿ ಸೇತುವೆಯು ಕುಸಿದು ನೂರಕ್ಕೆ ಮೇಲ್ಪಟ್ಟು ಜನರು ಸತ್ತಾಗ ಅವರು ರಾಜೀನಾಮೆಯನ್ನು ಕೊಟ್ಟರು. ಪ್ರಧಾನಿಗಳಾದ ನೆಹರೂರವರು ಅದನ್ನು ಸ್ವೀಕರಿಸಲಿಲ್ಲ. ಅದೇ ವರುಷ ನವೆಂಬರ್ ತಿಂಗಳಲ್ಲಿ ಮದರಾಸು ಸೀಮೆಯ ಅರಿಯಲೂರಿನ ಬಳಿಯಲ್ಲಿ ಹೊಳೆಯ ಪ್ರವಾಹದಿಂದ ದಾರಿಯು ಕೆಟ್ಟು ಮತ್ತೊಂದು ರೈಲುಬಂಡಿಯು ಬಿದ್ದಿತು. ಈ ಸಾರಿಯೂ ನೂರಕ್ಕೆ ಹೆಚ್ಚು ಪ್ರಾಣಗಳು ಹೋದವು. ಶಾಸ್ತ್ರಿಯವರು ಪುನಃ ರಾಜೀನಾಮೆಯನ್ನು ಮುಂದಿಟ್ಟರು. ಅಪಘಾತಕ್ಕೆ ಅವರು ಕಾರಣರಲ್ಲದಿದ್ದಾಗ್ಯೂ ಆಳುವವರ ಮರ್ಯಾದೆಗೆ ಇದು ಮಾದರಿಯಾಗಲೆಂದು ಅಂಗೀಕರಿಸುವದಾಗಿ ನೆಹರೂರವರು ಪಾರ್ಲಿಮೆಂಟಿನಲ್ಲಿ ತಿಳಿಸಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಂತ್ರಿಯು ಪದವಿಯನ್ನು ಬಿಟ್ಟರೆ ಸತ್ತವರು ಎದ್ದು ಬರುವರೋ? ಕೆಟ್ಟ ಸೇತುವೆಯು ನೆಟ್ಟಗಾಗುವದೋ? ಇಲ್ಲವೆಂಬದು ನಿಜ. ಆದರೆ ದೊಡ್ಡವನು ಜವಾಬ್ದಾರಿಯಿಂದ ತಪ್ಪಿಸಿಕೊಂಡರೆ ಅದು ಮೆಟ್ಟಲು ಮೆಟ್ಟಲಾಗಿ ಇಳಿದು, ಕಡೆಗೆ ದಾರಿ ಕಾಯುವ ಬಡ ಕೂಲಿಯವನ ತಲೆಯ ಮೇಲೆ ಬೀಳುತ್ತದೆ. ಮೇಲಿನವನೇ ‘ನನ್ನದು’ ಎಂದು ಒಪ್ಪಿಕೊಂಡರೆ ಕೆಳಗಿನವರೂ ಸತ್ಯವನ್ನು ಹೇಳುವದಕ್ಕೆ ಧೈರ್ಯಗೊಳ್ಳುತ್ತಾರೆ. ಸತ್ಯವು ತಿಳಿಯದ ಹೊರತು ಯಾವ ಸೇತುವೆಯೂ ಭದ್ರವಾಗದು.

ಎರಡನೆಯದು: ತಾನು ಮಾಡಿನೋಡದ್ದನ್ನು ಜನರಿಂದ ಕೇಳಲಿಲ್ಲ

ನೆಹರೂರವರು ತೀರಿಕೊಂಡ ಬಳಿಕ 1964ನೆಯ ಜೂನ್ 9ರಂದು ಶಾಸ್ತ್ರಿಯವರು ಪ್ರಧಾನಮಂತ್ರಿಗಳಾದರು. ಮರುವರುಷ ಮಳೆಯು ತಪ್ಪಿತು. ಪಾಕಿಸ್ತಾನದೊಡನೆ ಯುದ್ಧವೂ ಒದಗಿತು. ದೇಶವು ಅಮೇರಿಕದಿಂದ ಬರುವ ಗೋದಿಯನ್ನು ಎದುರುನೋಡಬೇಕಾಗಿತ್ತು. ಆಗ ಅವರು, ವಾರಕ್ಕೆ ಒಂದು ಹೊತ್ತಿನ ಊಟವನ್ನು ಬಿಡಿರೆಂದು ಜನರನ್ನು ಬೇಡಿಕೊಂಡರು. ಹೀಗೆ ಬೇಡುವದಕ್ಕೆ ಮುಂಚೆ ತಮ್ಮ ಮನೆಯಲ್ಲಿ ಒಂದು ಸಂಜೆ ಒಲೆಯನ್ನು ಹಚ್ಚಿಸದೆ, ಮಕ್ಕಳು ಹಸಿವನ್ನು ತಾಳುವರೋ ಎಂದು ಪರೀಕ್ಷಿಸಿದರೆಂದು ಅವರ ಮಕ್ಕಳೇ ಹೇಳಿದ್ದಾರೆ. ಅನೇಕರು ಸೋಮವಾರದ ರಾತ್ರಿಯ ಊಟವನ್ನು ಬಿಟ್ಟರು. ಹೋಟಲುಗಳು ಸಹ ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿದವು. ಸರಕಾರೀ ಬಂಗಲೆಯ ಹುಲ್ಲಿನ ಅಂಗಳವನ್ನು ಉಳಿಸಿ ಅವರು ಧಾನ್ಯವನ್ನು ಬಿತ್ತಿಸಿದರು.

ಬಡವರಿಗೆ ಈ ಉಪವಾಸವು ಹೊಸದಾಗಿರಲಿಲ್ಲ. ಯಾರೂ ಕೇಳದೆಯೇ ಅದು ಅವರ ಗುಡಿಸಲುಗಳಲ್ಲಿ ನಡೆದುಬಂದಿತ್ತು. ಉಂಡವರು ಒಂದು ಹೊತ್ತು ಹಸಿದವರ ಸಾಲಿನಲ್ಲಿ ಕೂತದ್ದು ಮಾತ್ರ ಹೊಸದಾಗಿತ್ತು. ‘ಜೈ ಜವಾನ್, ಜೈ ಕಿಸಾನ್’ ಎಂಬ ಘೋಷವನ್ನು ಅವರು 1965ರಲ್ಲಿ ಕೊಟ್ಟು, ಗಡಿ ಕಾಯುವ ಸಿಪಾಯಿಯ ಪಕ್ಕದಲ್ಲಿ ನೇಗಿಲು ಹಿಡಿಯುವ ರೈತನನ್ನು ನಿಲ್ಲಿಸಿದರು.

ಮೂರನೆಯದು: ಹೇಳುವದಕ್ಕಿಂತ ಮುಂಚೆ ಕೇಳಿದರು

1964ರ ಅಕ್ಟೋಬರ್ ಕಡೆಯಲ್ಲಿ ಅವರು ಗುಜರಾತಿನ ಆಣಂದಕ್ಕೆ ದನದ ಮೇವಿನ ಕಾರ್ಖಾನೆಯ ಪ್ರಾರಂಭಕ್ಕಾಗಿ ಹೋಗಿದ್ದರು. ಆಗ ಅಜರ್‌ಪುರವೆಂಬ ಹಳ್ಳಿಯ ಒಬ್ಬ ರೈತನ ಮನೆಯಲ್ಲಿ ರಾತ್ರಿ ತಂಗಿ, ಊರವರೊಡನೆ ಕೂತು, ಹಾಲಿನ ಸಂಘವು ಹೇಗೆ ನಡೆಯುತ್ತದೆಂದು ವಿಚಾರಿಸಿದರು. ಹಾಲು ಹಾಕುವವರೇ ಸಂಘದ ಒಡೆಯರಾದ್ದರಿಂದ ಅದು ಏಳಿಗೆಗೆ ಬಂದಿದೆಯೆಂದು ಅವರು ಕಂಡುಕೊಂಡರು. ಇದೇ ಬಗೆಯನ್ನು ದೇಶಕ್ಕೆಲ್ಲಾ ಹಬ್ಬಿಸುವದಕ್ಕಾಗಿ 1965ರಲ್ಲಿ ಆಣಂದದಲ್ಲಿಯೇ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಲಿಯು ಹುಟ್ಟಿತು. ಇಂದು ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುವ ಸಂಘಗಳೂ ಆ ಮಾದರಿಯವುಗಳೇ.

ಅವರ ಆಳಿಕೆಯಲ್ಲಿ ತೊಡಕುಗಳೂ ಇದ್ದವು. 1965ರ ಆರಂಭದಲ್ಲಿ ಹಿಂದೀ ಭಾಷೆಯ ವಿಷಯವಾಗಿ ಮದರಾಸಿನಲ್ಲಿ ದೊಡ್ಡ ಗಲಭೆಯೆದ್ದು ಪ್ರಾಣನಷ್ಟವಾಯಿತು. ದಕ್ಷಿಣದವರ ಭಯವನ್ನು ಸರಕಾರವು ಸಕಾಲದಲ್ಲಿ ಅರಿಯಲಿಲ್ಲವೆಂದು ಹೇಳಲೇಬೇಕು. ಆದರೆ ಅರಿತ ಮೇಲೆ ಶಾಸ್ತ್ರಿಯವರು ಹಟ ಹಿಡಿಯಲಿಲ್ಲ. ಹಿಂದೀ ಆಡದ ಪ್ರಾಂತಗಳು ಬಯಸುವ ತನಕ ಇಂಗ್ಲಿಷು ಮುಂದುವರಿಯುವದೆಂದು ಫೆಬ್ರವರಿ ತಿಂಗಳಲ್ಲಿ ರೇಡಿಯೋ ಮೂಲಕ ಮಾತು ಕೊಟ್ಟರು. ಹಿಂದಕ್ಕೆ ಒಂದು ಹೆಜ್ಜೆಯಿಡುವದು ಯಾವಾಗಲೂ ಸೋಲಲ್ಲ.

ನಾಲ್ಕನೆಯದು: ಅಧಿಕಾರದಿಂದ ಮನೆಯನ್ನು ತುಂಬಿಸಿಕೊಳ್ಳಲಿಲ್ಲ

ಪ್ರಧಾನಿಗಳಾದ ಮೇಲೆ ಮನೆಯವರ ಆಶೆಯಂತೆ ಒಂದು ಫಿಯಟ್ ಮೋಟಾರನ್ನು ಕೊಳ್ಳಬೇಕಾಯಿತು. ಅದರ ಬೆಲೆ 12,000 ರೂಪಾಯಿ. ಕೈಯಲ್ಲಿ ಅಷ್ಟು ಹಣವಿಲ್ಲದೆ 5,000 ರೂಪಾಯಿಗಳನ್ನು ಬ್ಯಾಂಕಿನಿಂದ ಸಾಲವಾಗಿ ತಂದರು. ಸಾಲವು ತೀರುವದಕ್ಕೆ ಮುಂಚೆಯೇ ಅವರು ತೀರಿಹೋದದ್ದರಿಂದ ಪತ್ನಿಯಾದ ಲಲಿತಾದೇವಿಯವರು ತಮ್ಮ ಪಿಂಚಣಿಯಿಂದ ಅದನ್ನು ಸಲ್ಲಿಸಿದರೆಂದು ಮನೆಯವರು ತಿಳಿಸಿದ್ದಾರೆ. ದೇಶದ ಬೊಕ್ಕಸದ ಬೀಗದಕೈ ಯಾರ ವಶದಲ್ಲಿತ್ತೋ ಅವರ ಮನೆಯಲ್ಲಿ ಉಳಿದದ್ದು ಒಂದು ಸಾಲದ ಕಾಗದ!

1966ನೆಯ ಜನವರಿ 10ರಂದು ಅವರು ತಾಷ್ಕೆಂಟ್ ಪಟ್ಟಣದಲ್ಲಿ ಪಾಕಿಸ್ತಾನದ ಅಧ್ಯಕ್ಷರೊಡನೆ ಸಮಾಧಾನದ ಒಡಂಬಡಿಕೆಗೆ ರುಜು ಮಾಡಿದರು. ಅದೇ ರಾತ್ರಿ, 11ನೆಯ ತಾರೀಖು ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿ, ಅಲ್ಲಿಯೇ ಪ್ರಾಣಬಿಟ್ಟರು. ಆಳಿದ್ದು ಹತ್ತೊಂಬತ್ತು ತಿಂಗಳು ಮಾತ್ರ. ಅವರ ಕಾಲದಲ್ಲಿ ಅನ್ನದ ಕೊರತೆಯು ತೀರಲಿಲ್ಲ. ಆದರೆ ಹೊಸ ಗೋದಿಯ ಬೀಜವನ್ನು ತರಿಸುವ ಕಾರ್ಯವು ಅವರ ದಿನಗಳಲ್ಲಿಯೇ ಮೊದಲಾಗಿ, 1968ರಲ್ಲಿ ದೇಶವು ಹಿಂದೆಂದೂ ಕಾಣದಷ್ಟು ಗೋದಿಯನ್ನು ಕೊಯ್ದಿತು. ನಮ್ಮ ಸೀಮೆಯ ಆಲಮಟ್ಟಿಯಲ್ಲಿಯೂ ಹಾಗೆಯೇ. ಕೃಷ್ಣೆಯ ಅಣೆಕಟ್ಟಿಗೆ 1964ನೆಯ ಮೇ 22ರಂದು ಅಸ್ತಿಭಾರದ ಕಲ್ಲನ್ನಿಟ್ಟವರು ಅವರೇ. ನಿಂತ ನೀರನ್ನು ನೋಡಲು ಅವರು ಉಳಿಯಲಿಲ್ಲ. ಆ ಜಲಾಶಯವು ಅವರ ಹೆಸರನ್ನು ಹೊತ್ತುಕೊಂಡಿದೆ. ಬಿತ್ತಿದವನೇ ಕೊಯ್ಯಬೇಕೆಂಬ ನೇಮವಿಲ್ಲವಲ್ಲಾ.

ವಾಚಕರೇ, ನಾವು ಮಂತ್ರಿಗಳಲ್ಲ. ಆದರೂ ನಮ್ಮಲ್ಲಿ ಒಬ್ಬನು ಪಂಚಾಯತಿಯಲ್ಲಿದ್ದಾನೆ, ಒಬ್ಬನು ಹಾಲಿನ ಸಂಘದ ಲೆಕ್ಕವನ್ನು ಇಟ್ಟಿದ್ದಾನೆ, ಒಬ್ಬನು ಸಭೆಯ ಹಿರಿಯನು, ಒಬ್ಬಳು ಮನೆಯ ಯಜಮಾನಿಯು. ಈ ಪಾಠವನ್ನು ಮನೆಯವರೊಡನೆ ಓದಿದ ಮೇಲೆ ಕೆಳಗಿನ ಪ್ರಶ್ನೆಗಳನ್ನು ಒಬ್ಬರನ್ನೊಬ್ಬರು ಕೇಳಿರಿ.

1. ನಮ್ಮ ಕೈಕೆಳಗಿನ ಕೆಲಸವು ಕೆಟ್ಟಾಗ ನಾವು ಮೊದಲು ಯಾರ ಹೆಸರನ್ನು ಹೇಳುತ್ತೇವೆ?

2. ಇತರರಿಂದ ಕೇಳುವ ವಂತಿಗೆಯನ್ನೂ ದುಡಿಮೆಯನ್ನೂ ನಾವು ಮೊದಲು ಕೊಟ್ಟಿದ್ದೇವೋ?

3. ನಮಗಿಂತ ಬಡವನಾದ ನೆರೆಯವನ ಮಾತನ್ನು ಕಡೆಯ ಸಾರಿ ಕೂತು ಕೇಳಿದ್ದು ಯಾವಾಗ?

4. ನಮ್ಮ ವಶದಲ್ಲಿರುವ ಹತ್ತು ಜನರ ಹಣದ ಲೆಕ್ಕವನ್ನು ಈ ರಾತ್ರಿ ಯಾರಾದರೂ ಕೇಳಿದರೆ ನಾವು ಕೊಡಬಲ್ಲೆವೋ?

ಈ ನಾಲ್ಕಕ್ಕೂ ನೆಟ್ಟಗೆ ಉತ್ತರ ಕೊಡಬಲ್ಲವನು ಗುಡಿಸಲಿನಲ್ಲಿದ್ದರೂ ನಾಯಕನೇ ಸರಿ.