ಮೋಟಾರು ಗಾಡಿಗೆ ವರ್ಷಕ್ಕೊಂದು ಪರೀಕ್ಷೆ

ವಿದ್ಯಾರ್ಥಿಗಳಿಗೆ ವರ್ಷಕ್ಕೊಮ್ಮೆ ಪರೀಕ್ಷೆಯಿರುವಂತೆ ಬ್ರಿಟನ್ನಿನಲ್ಲಿ ಮೋಟಾರು ಗಾಡಿಗಳಿಗೂ ವರ್ಷಕ್ಕೊಮ್ಮೆ ಪರೀಕ್ಷೆಯುಂಟು. ಅಲ್ಲಿನ ಜನರು ಅದನ್ನು 'ಎಂ.ಓ.ಟಿ.' ಎಂದು ಕರೆಯುತ್ತಾರೆ. ಇದು 'ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್', ಎಂದರೆ ಸಾರಿಗೆ ಸಚಿವ ಶಾಖೆ ಎಂಬುದರ ಮೊದಲಕ್ಷರಗಳಿಂದಾದ ಹೆಸರು. ಆ ಶಾಖೆಯು 1970ರಲ್ಲಿ ಬೇರೊಂದರಲ್ಲಿ ಸೇರಿಹೋಯಿತು. ಪರೀಕ್ಷೆಗೆ ಮಾತ್ರ ಹಳೆಯ ಹೆಸರೇ ಉಳಿದಿದೆ. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್ ಪ್ರಾಂತಗಳಲ್ಲಿ ಕಾರೊಂದು ನೋಂದಣಿಯಾಗಿ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಲ್ಲವಾದರೆ ಅದನ್ನು ರಸ್ತೆಯ ಮೇಲೆ ಓಡಿಸುವಂತಿಲ್ಲ.

ಆದುದರಿಂದ ವರ್ಷಕ್ಕೊಮ್ಮೆ ಕಾರಿನ ಒಡೆಯನಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಗಾಡಿಯನ್ನು ಎಲ್ಲಿಗೆ ಕೊಂಡೊಯ್ಯಬೇಕು? ನೋಡುವುದಕ್ಕೆ ಇದು ಸಾಮಾನ್ಯವಾದ ಪ್ರಶ್ನೆ. ಆದರೆ ಇದರ ಹಿಂದೆ ವಿಜ್ಞಾನದ ವಿದ್ಯಾರ್ಥಿಯು ಗಮನಿಸಬೇಕಾದ ಮತ್ತೊಂದು ಪ್ರಶ್ನೆಯಿದೆ. ಒಂದೇ ಗಾಡಿಯನ್ನು ಎರಡು ಊರುಗಳಲ್ಲಿ, ಇಬ್ಬರು ಪರೀಕ್ಷಕರು, ಎರಡು ಯಂತ್ರಗಳಿಂದ ಪರೀಕ್ಷಿಸಿದರೆ ಉತ್ತರವು ಒಂದೇ ಆಗಿರುವಂತೆ ಮಾಡುವುದು ಹೇಗೆ? ಅಳತೆಯನ್ನು ನಂಬುವುದು ಯಾವಾಗ ಎಂಬುದೇ ಈ ಲೇಖನದ ವಿಷಯ.

ಪರೀಕ್ಷೆ ಹುಟ್ಟಿದ ಬಗೆ

ಎರಡನೆಯ ಮಹಾಯುದ್ಧದ ಅನಂತರ ಬ್ರಿಟನ್ನಿನ ರಸ್ತೆಗಳಲ್ಲಿ ಹಳೆಯ ಗಾಡಿಗಳು ಬಹಳವಾಗಿದ್ದುವು. ಅವುಗಳನ್ನು ಪರೀಕ್ಷಿಸಲು 1956ರ ರಸ್ತೆ ಸಂಚಾರ ಶಾಸನವು ಅಧಿಕಾರವನ್ನು ಕೊಟ್ಟಿತು; 1960ರಲ್ಲಿ ಪರೀಕ್ಷೆ ಆರಂಭವಾಯಿತು. ಮೊದಲು ಹತ್ತು ವರ್ಷ ತುಂಬಿದ ಗಾಡಿಗಳಿಗೆ ಮಾತ್ರ ಇದು ಅನ್ವಯಿಸುತ್ತಿತ್ತು. ಬ್ರೇಕು, ದೀಪ, ಸ್ಟಿಯರಿಂಗ್ ಈ ಮೂರನ್ನು ಮಾತ್ರ ನೋಡುತ್ತಿದ್ದರು. 1961ರಲ್ಲಿ ಹತ್ತು ವರ್ಷದ ಗಡುವು ಏಳಕ್ಕಿಳಿಯಿತು, 1967ರಲ್ಲಿ ಮೂರಕ್ಕಿಳಿಯಿತು. ಮರುವರ್ಷ ಟೈರುಗಳೂ, ಬಹುಕಾಲದ ಮೇಲೆ 1991ರಲ್ಲಿ ಹೊಗೆಯೂ ಪರೀಕ್ಷೆಯ ವ್ಯಾಪ್ತಿಗೆ ಬಂದುವು. 2018ರಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಚಿಕ್ಕದು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲಿನ ಎರಡು ಬಗೆಯ ದೋಷಗಳಲ್ಲಿ ಒಂದೇ ಇದ್ದರೂ ಗಾಡಿಯು ಅನುತ್ತೀರ್ಣವಾಗುತ್ತದೆ.

ಬ್ರೇಕನ್ನು ಅಳೆಯುವುದು ಹೇಗೆ?

ಪರೀಕ್ಷೆಯ ಅಂಶಗಳಲ್ಲಿ ಬ್ರೇಕನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1,200 ಕಿಲೋಗ್ರಾಂ ತೂಗುವ ಕಾರೊಂದು ಗಂಟೆಗೆ 50 ಕಿಲೋಮೀಟರು, ಎಂದರೆ ಸೆಕೆಂಡಿಗೆ 13.9 ಮೀಟರು ವೇಗದಲ್ಲಿ ಓಡುತ್ತಿದೆಯೆನ್ನಿ. ಅದರ ಚಲನಶಕ್ತಿಯು ಸುಮಾರು 1,16,000 ಜೂಲ್. ಈ ಶಕ್ತಿಯಿಂದ ಸುಮಾರು ಮೂರನೆಯ ಒಂದು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಬ್ರೇಕು ಇಷ್ಟನ್ನೂ ಕೆಲವೇ ಸೆಕೆಂಡುಗಳಲ್ಲಿ ಘರ್ಷಣೆಯಿಂದ ಉಷ್ಣವಾಗಿ ಮಾರ್ಪಡಿಸಬೇಕು.

ಬ್ರೇಕಿನ ಬಲವು ಗಾಡಿಯ ತೂಕದ ಶೇಕಡ ಎಷ್ಟು ಎಂಬುದಕ್ಕೆ ಬ್ರೇಕಿನ ದಕ್ಷತೆಯೆಂದು ಹೆಸರು. ದಕ್ಷತೆಯು ಶೇಕಡ 50 ಎಂದರೆ ಗಾಡಿಯ ವೇಗವು ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು ದರದಲ್ಲಿ, ಎಂದರೆ ಪ್ರತಿ ಸೆಕೆಂಡಿಗೆ 4.9 ಮೀಟರಿನಂತೆ, ಕುಗ್ಗುವುದು. ವೇಗದ ವರ್ಗವನ್ನು ಈ ದರದ ಎರಡರಷ್ಟರಿಂದ ಭಾಗಿಸಿದರೆ ಗಾಡಿ ನಿಲ್ಲುವುದಕ್ಕೆ ಬೇಕಾದ ದೂರ ಸಿಕ್ಕುವುದು. ನಮ್ಮ ಕಾರಿಗೆ ಅದು ಸುಮಾರು 20 ಮೀಟರು. ಬ್ರೇಕು ಸವೆದು ದಕ್ಷತೆಯು ಶೇಕಡ 25ಕ್ಕೆ ಇಳಿದರೆ ಈ ದೂರವು ಸುಮಾರು 40 ಮೀಟರಾಗುತ್ತದೆ. ಈ ಹೆಚ್ಚುವರಿ 20 ಮೀಟರಿನೊಳಗೆ ರಸ್ತೆಯನ್ನು ದಾಟುತ್ತಿರುವ ಮಗುವೊಂದು ಇರಬಹುದು. ಬ್ರೇಕು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸವೆಯುವುದರಿಂದ ಗಾಡಿಯನ್ನು ನಿತ್ಯವೂ ಓಡಿಸುವವನಿಗೆ ವ್ಯತ್ಯಾಸವು ಗೊತ್ತಾಗುವುದೇ ಇಲ್ಲ. ಹೊರಗಿನವನೊಬ್ಬನು ಅಳೆದು ಹೇಳಬೇಕಾಗಿರುವುದು ಈ ಕಾರಣದಿಂದಲೇ.

ಪರೀಕ್ಷಾ ಕೇಂದ್ರದಲ್ಲಿ ಗಾಡಿಯ ಒಂದು ಜೊತೆ ಚಕ್ರಗಳನ್ನು ನೆಲದಲ್ಲಿ ಹುದುಗಿಸಿದ ಉರುಳೆಗಳ ಮೇಲೆ ನಿಲ್ಲಿಸುತ್ತಾರೆ. ವಿದ್ಯುತ್ ಮೋಟಾರು ಉರುಳೆಗಳನ್ನು ನಿಧಾನವಾಗಿ ತಿರುಗಿಸುತ್ತದೆ. ಉರುಳೆಗಳೊಡನೆ ಚಕ್ರಗಳೂ ತಿರುಗುತ್ತವೆ. ಪರೀಕ್ಷಕನು ಬ್ರೇಕನ್ನು ಒತ್ತಿದೊಡನೆ ಚಕ್ರವು ಉರುಳೆಯನ್ನು ತಡೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಈ ತಡೆಯ ಪ್ರತಿಕ್ರಿಯೆಯು ಯಂತ್ರದ ಮೇಲೆ ಬೀಳುತ್ತದೆ. ಮಾಪಕವು ಅದನ್ನು ತೋರಿಸುತ್ತದೆ. ನಾಲ್ಕು ಚಕ್ರಗಳ ಬಲವನ್ನು ಕೂಡಿಸಿ ತೂಕದಿಂದ ಭಾಗಿಸಿದರೆ ದಕ್ಷತೆಯು ದೊರೆಯುವುದು. 2010ರ ಸೆಪ್ಟೆಂಬರ್ 1ರಿಂದೀಚೆಗೆ ರಸ್ತೆಗಿಳಿದ ಕಾರುಗಳಿಗೆ ಇದು ಕನಿಷ್ಠ ಶೇಕಡ 58 ಇರಬೇಕು; ಅದಕ್ಕಿಂತ ಹಳೆಯ ಕಾರುಗಳಿಗೆ ಶೇಕಡ 50 ಸಾಕು.

ಮೊತ್ತವೊಂದೇ ಸಾಲದು. ನಮ್ಮ ಕಾರಿನ ಮುಂದಿನ ಎಡಚಕ್ರದ ಬಲ 250 ಕಿಲೋಗ್ರಾಂ ತೂಕ, ಬಲಚಕ್ರದ್ದು 140, ಹಿಂದಿನ ಚಕ್ರಗಳದು ತಲಾ 105 ಇದ್ದರೆ ಮೊತ್ತವು 600 ಆಗಿ ದಕ್ಷತೆ ಸರಿಯಾಗಿ ಶೇಕಡ 50 ಬರುತ್ತದೆ. ಆದರೂ ಈ ಕಾರು ತೇರ್ಗಡೆಯಾಗದು. ಮುಂದಿನ ಎರಡು ಚಕ್ರಗಳ ನಡುವಣ ವ್ಯತ್ಯಾಸವು ಹೆಚ್ಚಿನದರ ಶೇಕಡ 44ರಷ್ಟಿದೆ. ನಿಯಮವು ಒಪ್ಪುವುದು ಶೇಕಡ 30ರವರೆಗೆ ಮಾತ್ರ. ಇಂಥ ಕಾರಿನ ಬ್ರೇಕನ್ನು ಬಲವಾಗಿ ಒತ್ತಿದರೆ ಅದು ನೆಟ್ಟಗೆ ನಿಲ್ಲದೆ ಎಡಕ್ಕೆ ತಿರುಗಿಕೊಳ್ಳುವುದು. ಟೈರಿನ ವಿಷಯದಲ್ಲಿಯೂ ಹೀಗೆಯೇ ಅಂಕಿಯುಂಟು. ಟೈರಿನ ಅಗಲದ ನಡುವಣ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ಗಾಡಿಗಳ ಆಳ 1.6 ಮಿಲಿಮೀಟರಿಗೆ ಕಡಿಮೆಯಿರಕೂಡದು. ಇಲ್ಲಿ ಗಾಡಿಯೆಂದರೆ ಟೈರಿನ ಮೈಮೇಲೆ ಕೊರೆದ ಕಾಲುವೆ. ಮಳೆಯ ನೀರನ್ನು ಪಕ್ಕಕ್ಕೆ ಹರಿಯಬಿಟ್ಟು ರಬ್ಬರು ನೆಲವನ್ನು ಹಿಡಿಯುವಂತೆ ಮಾಡುವುದು ಅದರ ಕೆಲಸ.

ಕೇಂದ್ರವನ್ನು ಹುಡುಕುವುದು

ಇಷ್ಟೆಲ್ಲ ಅಳತೆಗಳನ್ನು ಮಾಡುವವರು ಯಾರು? ಬ್ರಿಟನ್ ಸರಕಾರವು ಇದಕ್ಕಾಗಿ ಊರೂರಿನಲ್ಲಿ ತನ್ನದೇ ಕಟ್ಟಡಗಳನ್ನು ಕಟ್ಟಲಿಲ್ಲ. ಆಗಲೇ ಇದ್ದ ಖಾಸಗಿ ಗ್ಯಾರೇಜುಗಳಲ್ಲಿ ಯೋಗ್ಯವಾದುವುಗಳಿಗೆ ಅಧಿಕಾರ ಕೊಟ್ಟಿತು. ಇಂದು ಅಂಥ ಕೇಂದ್ರಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚಾಗಿವೆ. ನೀಲಿಯ ಫಲಕದ ಮೇಲೆ ಮೂರು ಬಿಳಿಯ ತ್ರಿಕೋನಗಳಿರುವುದೇ ಅವುಗಳ ಗುರುತು. ಆದುದರಿಂದ ಹತ್ತಿರದ ಕೇಂದ್ರವನ್ನು ಹುಡುಕುವುದು ಕಷ್ಟವಲ್ಲ. ಆದರೆ ಎಲ್ಲ ಕೇಂದ್ರಗಳಿಗೂ ಎಲ್ಲ ಬಗೆಯ ವಾಹನಗಳನ್ನು ಪರೀಕ್ಷಿಸುವ ಅಧಿಕಾರವಿಲ್ಲ. ಕಾರು, ಮೋಟಾರ್ ಸೈಕಲ್, ಭಾರವಾದ ಸಾಮಾನಿನ ಗಾಡಿ ಇವು ಬೇರೆಬೇರೆ ವರ್ಗಗಳಾದುದರಿಂದ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಶುಲ್ಕವು ಕಾರಿಗೆ 54.85 ಪೌಂಡನ್ನು ಮೀರುವಂತಿಲ್ಲ. ಕಡಿಮೆ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಹಿಂದಿನ ಪ್ರಮಾಣಪತ್ರವು ಮುಗಿಯುವುದಕ್ಕೆ ಒಂದು ತಿಂಗಳಿಗೆ ಒಂದು ದಿನ ಕಡಿಮೆಯಿರುವಷ್ಟು ಮುಂಚಿತವಾಗಿ ಪರೀಕ್ಷೆ ಮಾಡಿಸಿದರೂ ಹೊಸ ಪತ್ರದ ಗಡುವು ಹಳೆಯ ತಾರೀಖಿಗೇ ಬೀಳುವುದರಿಂದ ಆತುರಪಡಬೇಕಾಗಿಲ್ಲ. ನಮ್ಮ ನಾಡಿನಿಂದ ಅಲ್ಲಿಗೆ ಓದಲು ಹೋಗಿ ಹಳೆಯ ಕಾರೊಂದನ್ನು ಕೊಳ್ಳುವ ವಿದ್ಯಾರ್ಥಿಗಳು, ಕೊಳ್ಳುವ ಮೊದಲೇ ಅದರ ನೋಂದಣಿ ಸಂಖ್ಯೆಯಿಂದ ಹಿಂದಿನ ಪರೀಕ್ಷೆಗಳ ಫಲಿತಾಂಶಗಳನ್ನು ಸರಕಾರದ ಜಾಲತಾಣದಲ್ಲಿ ನೋಡಬಹುದು.

ಇಲ್ಲಿ ಒಂದು ತೊಡಕಿದೆ. ದೋಷವನ್ನು ಕಂಡುಹಿಡಿಯುವವನೇ ಅದನ್ನು ದುರಸ್ತಿಮಾಡಿ ಹಣ ಪಡೆಯುವವನಾದರೆ, ಅವನು ಇಲ್ಲದ ದೋಷವನ್ನು ಹೇಳಬಹುದು ಎಂಬ ಸಂದೇಹವು ಒಡೆಯನಿಗೆ ಬರುವುದು ಸಹಜ. ಹಳೆಯ ಗಿರಾಕಿಯ ದಾಕ್ಷಿಣ್ಯಕ್ಕೆ ಇರುವ ದೋಷವನ್ನು ಮರೆಮಾಡಬಹುದು ಎಂಬ ಸಂದೇಹವೂ ಅಷ್ಟೇ ಸಹಜ. ಎರಡನೆಯದು ಹೆಚ್ಚು ಅಪಾಯದ್ದು. ಏತಕ್ಕೆಂದರೆ ಅದರಿಂದ ನಷ್ಟವಾಗುವುದು ರಸ್ತೆಯಲ್ಲಿರುವ ಮೂರನೆಯವನಿಗೆ.

ಇದಕ್ಕೆ ಹಲವು ಕಟ್ಟುಪಾಡುಗಳಿವೆ. ಕೇಂದ್ರದಲ್ಲಿ ಒಡೆಯನು ನಿಂತು ಪರೀಕ್ಷೆಯನ್ನು ನೋಡುವುದಕ್ಕೆ ಜಾಗವಿರಬೇಕು. ಪರೀಕ್ಷಕನು ಗಾಡಿಯ ಭಾಗಗಳನ್ನು ಕಳಚಕೂಡದು. ಅವನು ಪ್ರತಿವರ್ಷವೂ ತಾನೇ ಒಂದು ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕು. ಫಲಿತಾಂಶವು ಒಪ್ಪಿಗೆಯಾಗದಿದ್ದರೆ ಒಡೆಯನು ದುರಸ್ತಿ ಮಾಡಿಸುವುದಕ್ಕೆ ಮುನ್ನ ಡಿ.ವಿ.ಎಸ್.ಎ. ಎಂಬ ಸರಕಾರೀ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಇನ್ನೂ ಸಂದೇಹವುಳ್ಳವರು ನಗರಸಭೆಗಳು ತಮ್ಮ ಸ್ವಂತ ವಾಹನಗಳಿಗೆಂದು ನಡೆಸುವ ಕೇಂದ್ರಗಳಿಗೆ ಹೋಗುವುದುಂಟು. ಅವುಗಳಲ್ಲಿ ಹಲವು ಸಾರ್ವಜನಿಕರ ಗಾಡಿಗಳನ್ನೂ ಪರೀಕ್ಷಿಸುತ್ತವೆ. ಸಾಮಾನ್ಯವಾಗಿ ದುರಸ್ತಿಯ ಕೆಲಸಕ್ಕೆ ಕೈಹಾಕುವುದಿಲ್ಲ.

ಉತ್ತರ ಐರ್ಲೆಂಡಿನ ದಾರಿಯೇ ಬೇರೆ. ಅಲ್ಲಿ ಕೇಂದ್ರಗಳೆಲ್ಲ ಸರಕಾರದವು. ಪರೀಕ್ಷೆ ಮಾತ್ರ ಅವುಗಳ ಕೆಲಸ. ಸ್ವಾರ್ಥದ ಸಂದೇಹಕ್ಕೆ ಅಲ್ಲಿ ಎಡೆಯಿಲ್ಲ. ಆದರೆ 2020ರ ಜನವರಿಯಲ್ಲಿ ಅಲ್ಲಿಯ ಕೇಂದ್ರಗಳಲ್ಲಿ ಗಾಡಿಗಳನ್ನು ಮೇಲೆತ್ತುವ 55 ಯಂತ್ರಗಳ ಪೈಕಿ 48ರಲ್ಲಿ ಬಿರುಕಿನ ಲಕ್ಷಣಗಳು ಕಂಡುಬಂದುವು. ಕಾರುಗಳ ಪರೀಕ್ಷೆಯನ್ನು ಬಹುಮಟ್ಟಿಗೆ ನಿಲ್ಲಿಸಬೇಕಾಯಿತು. ಗಾಡಿಯನ್ನು ಪರೀಕ್ಷಿಸುವ ಯಂತ್ರವನ್ನೂ ಪರೀಕ್ಷಿಸುವವರು ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

ನಮ್ಮ ದೇಶದಲ್ಲಿ

1988ರ ಮೋಟಾರು ವಾಹನ ಕಾಯಿದೆಯಂತೆ ನಮ್ಮಲ್ಲಿ ಬಸ್ಸು, ಲಾರಿ, ಟ್ಯಾಕ್ಸಿ ಮೊದಲಾದ ಸಾರಿಗೆ ವಾಹನಗಳಿಗೆ ಅರ್ಹತಾ ಪ್ರಮಾಣಪತ್ರವು ಕಡ್ಡಾಯ. ಜನರು ಇದನ್ನೇ 'ಎಫ್.ಸಿ.' ಎನ್ನುತ್ತಾರೆ. ಸ್ವಂತ ಬಳಕೆಯ ಕಾರಿನ ನೋಂದಣಿಯಾದರೋ ಹದಿನೈದು ವರ್ಷ ನಡೆಯುತ್ತದೆ. ಪರೀಕ್ಷೆಯ ಮಾತು ಬರುವುದು ಆಮೇಲೆ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗಾಗಿ 2021ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮಗಳಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಅಂಥ ಕೇಂದ್ರವು ವಾಹನಗಳ ದುರಸ್ತಿಯನ್ನಾಗಲಿ ಬಿಡಿಭಾಗಗಳ ಮಾರಾಟವನ್ನಾಗಲಿ ಮಾಡಕೂಡದು. ಬ್ರಿಟನ್ನಿನಲ್ಲಿ ಕೂಡಿಯೇ ಇರುವ ಎರಡು ಕೆಲಸಗಳನ್ನು ನಮ್ಮ ನಿಯಮವು ಬೇರ್ಪಡಿಸಿದೆ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಉರುಳೆಗಳಿಲ್ಲದೆಯೂ ಬ್ರೇಕಿನ ದಕ್ಷತೆಯನ್ನು ಅಳೆಯಬಹುದು. ಓಡುತ್ತಿರುವ ಗಾಡಿಯಲ್ಲಿ ಲೋಲಕವೊಂದನ್ನು ತೂಗಹಾಕಿ ಬ್ರೇಕು ಹಾಕಿದರೆ ಅದು ಮುಂದಕ್ಕೆ ವಾಲುವುದು. ವಾಲಿದ ಕೋನದ ಟ್ಯಾಂಜೆಂಟ್ ಎಷ್ಟೋ, ವೇಗವು ಕುಗ್ಗುವ ದರವು ಗುರುತ್ವ ವೇಗೋತ್ಕರ್ಷದ ಅಷ್ಟರಷ್ಟಿರುತ್ತದೆ. ಈ ತತ್ತ್ವದ ಮೇಲೆ ರಚಿತವಾದ ಉಪಕರಣಗಳನ್ನು ಪರೀಕ್ಷಕರು ಬಳಸುವುದುಂಟು. ನೀವು ಕೋನಮಾಪಕದ ಕೇಂದ್ರಕ್ಕೆ ದಾರವನ್ನು ಕಟ್ಟಿ, ತುದಿಗೆ ಕಬ್ಬಿಣದ ನಟ್ಟೊಂದನ್ನು ಇಳಿಬಿಡಿ. ಬಸ್ಸಿನಲ್ಲಿ ಕುಳಿತು ಅದನ್ನು ಕಿಟಕಿಯ ಗಾಜಿಗೆ ಸಮಾಂತರವಾಗಿ ಹಿಡಿದು, ಸಮತಟ್ಟಾದ ರಸ್ತೆಯಲ್ಲಿ ಬಸ್ಸು ನಿಲ್ಲುವಾಗ ಗಮನಿಸಿ. ದಾರವು 10 ಡಿಗ್ರಿ ವಾಲಿದರೆ ವೇಗವು ಕುಗ್ಗುವ ದರವು ಗುರುತ್ವದ ಶೇಕಡ 18. 15 ಡಿಗ್ರಿಯಾದರೆ ಶೇಕಡ 27. ಶೇಕಡ 50ಕ್ಕೆ ಕೋನವು ಇಪ್ಪತ್ತೇಳು ಡಿಗ್ರಿಗೆ ತುಸು ಕಡಿಮೆ. ಶೇಕಡ 58ಕ್ಕೆ ಸರಿಸುಮಾರು 30 ಡಿಗ್ರಿ. ಬ್ರೇಕನ್ನು ಥಟ್ಟನೆ ಹಾಕಿದರೆ ದಾರವು ಮೊದಲು ಮಿತಿಮೀರಿ ತೂಗಾಡುವುದು. ಆ ಮೊದಲ ತೂಗಾಟವನ್ನು ನಿಜವಾದ ಅಳತೆಯೆಂದು ತಿಳಿಯಬಾರದು. ಉಪಕರಣಗಳಲ್ಲಿ ತೂಗಾಟವನ್ನು ತಗ್ಗಿಸುವ ಏರ್ಪಾಡಿರುವುದು ಇದಕ್ಕಾಗಿಯೇ.

ಕೊನೆಯದಾಗಿ ಒಂದು ಮಾತು. ಪ್ರಮಾಣಪತ್ರವು ಹೇಳುವುದು ಪರೀಕ್ಷೆಯ ದಿನ ಗಾಡಿಯು ಹೇಗಿತ್ತು ಎಂಬುದನ್ನು ಮಾತ್ರ. ಮುಂದಿನ 364 ದಿನಗಳ ಹೊಣೆಯನ್ನು ಅದು ಹೊರುವುದಿಲ್ಲ. ಅದು ಗಾಡಿಯನ್ನು ಓಡಿಸುವವನದು. ಟೈರಿನ ಗಾಡಿಯ ಆಳವನ್ನು ತಿಂಗಳಿಗೊಮ್ಮೆ ನೋಡಲು ಯಾವ ಕೇಂದ್ರವೂ ಬೇಕಾಗಿಲ್ಲ; ಮಿಲಿಮೀಟರುಗಳನ್ನು ಗುರುತುಮಾಡಿದ ಒಂದು ಅಳತೆಪಟ್ಟಿ ಸಾಕು.