ಸೊಳ್ಳೆಯ ಗುಟ್ಟು ಬಿಡಿಸಿದ ವೈದ್ಯರು

ಮಕ್ಕಳೇ, ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ದಾರಿಯನ್ನು ನೀವು ನೋಡಿರಬಹುದು. ಕಲ್ಲಟ್ಟಿಯ ಮೂಲಕ 36 ತಿರುವುಗಳಲ್ಲಿ ಸುತ್ತಿ ಸುತ್ತಿ ಇಳಿಯುವ ಕಡಿದಾದ ದಾರಿ ಅದು. ಅದಕ್ಕೆ ಸೀಗೂರು ಘಾಟಿ ಎಂದು ಹೆಸರು. ಮೇಲೆ ಉದಕಮಂಡಲದಲ್ಲಿ ಕಂಬಳಿ ಹೊದೆಯುವಷ್ಟು ಚಳಿ. ಕೆಳಗೆ ಇಳಿದಂತೆ ಬಿಸಿಲು, ಬಿದಿರು, ಕುರುಚಲು ಕಾಡು. 1897ರಲ್ಲಿ ಒಬ್ಬ ವೈದ್ಯರು ಈ ಘಾಟಿಗೆ ಬಂದರು. ಅವರು ಆನೆ, ಜಿಂಕೆಗಳನ್ನು ನೋಡಲು ಬಂದವರಲ್ಲ. ಚಳಿಜ್ವರದ ಕಾರಣವನ್ನು ಹುಡುಕಲು ಬಂದವರು. ಅವರ ಹೆಸರು ಡಾಕ್ಟರ್ ರೊನಾಲ್ಡ್ ರಾಸ್.

ರಾಸ್ ಅವರು 1857ನೆಯ ಇಸವಿ ಮೇ 13ರಂದು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಹುಟ್ಟಿದರು. ಅವರ ತಂದೆ ಬ್ರಿಟಿಷರ ಸೈನ್ಯದಲ್ಲಿ ಅಧಿಕಾರಿ. ಎಂಟು ವರ್ಷದ ಬಾಲಕನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ರಾಸ್ ಅವರಿಗೆ ಕವಿತೆ, ಚಿತ್ರಕಲೆ, ಸಂಗೀತ ಎಂದರೆ ಬಹಳ ಇಷ್ಟ. ಆದರೆ ಮಗ ವೈದ್ಯನಾಗಬೇಕೆಂಬುದು ತಂದೆಯ ಆಸೆ. ತಂದೆಯ ಮಾತಿನಂತೆ ಅವರು ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿದರು. 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಅವರು ಬೆಂಗಳೂರಿನಲ್ಲಿದ್ದರು. ಅವರ ಮನೆಯಲ್ಲಿ ಸೊಳ್ಳೆಗಳ ಕಾಟ ವಿಪರೀತ. ಇಷ್ಟೊಂದು ಸೊಳ್ಳೆಗಳು ಎಲ್ಲಿಂದ ಬರುತ್ತವೆ ಎಂದು ಅವರು ಹುಡುಕಿದರು. ಕಿಟಕಿಯ ಹೊರಗೆ ನೀರು ತುಂಬಿದ ಒಂದು ತೊಟ್ಟಿ ಇತ್ತು. ಅದರಲ್ಲಿ ಸೊಳ್ಳೆಯ ಮರಿಹುಳುಗಳು ಪುಳಪುಳನೆ ಆಡುತ್ತಿದ್ದವು. ರಾಸ್ ಅವರು ಆ ನೀರನ್ನು ಚೆಲ್ಲಿಸಿದರು. ಸೊಳ್ಳೆಗಳು ಕಡಿಮೆಯಾದವು. ನಿಂತ ನೀರಿಲ್ಲದಿದ್ದರೆ ಸೊಳ್ಳೆ ಬೆಳೆಯಲಾರದು ಎಂಬುದನ್ನು ಅವರು ಆಗಲೇ ಮನಗಂಡರು.

ಆ ಕಾಲದಲ್ಲಿ ಮಲೇರಿಯಾ ಎಂಬ ಚಳಿಜ್ವರ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಮೊದಲು ಮೈ ನಡುಗಿಸುವ ಚಳಿ, ಆಮೇಲೆ ಸುಡುವ ಜ್ವರ, ಕೊನೆಗೆ ಬೆವರು. ಒಂದೆರಡು ದಿನ ಬಿಟ್ಟು ಮತ್ತೆ ಅದೇ ನರಳಾಟ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಇದಕ್ಕೆ ಕಾರಣ ಎಂದು ಜನರು ನಂಬಿದ್ದರು. ‘ಮಲೇರಿಯಾ’ ಎಂಬ ಇಟಲಿಯ ಮಾತಿನ ಅರ್ಥವೇ ಕೆಟ್ಟ ಗಾಳಿ. 1880ರಲ್ಲಿ ಲ್ಯಾವೆರಾನ್ ಎಂಬ ಫ್ರೆಂಚ್ ವೈದ್ಯರು ರೋಗಿಯ ರಕ್ತದಲ್ಲಿ ಮಲೇರಿಯಾ ತರುವ ಸೂಕ್ಷ್ಮಜೀವಿಯನ್ನು ಕಂಡರು. ಆದರೆ ಅದು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುವುದು ಹೇಗೆ? ಯಾರಿಗೂ ತಿಳಿದಿರಲಿಲ್ಲ.

1894ರಲ್ಲಿ ರಾಸ್ ಅವರು ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರನ್ನು ಭೇಟಿ ಮಾಡಿದರು. ಮಲೇರಿಯಾ ಹರಡುವುದಕ್ಕೂ ಸೊಳ್ಳೆಗೂ ಸಂಬಂಧ ಇರಬಹುದು ಎಂದು ಮ್ಯಾನ್ಸನ್ ಹೇಳಿದರು. ಮರುವರ್ಷ ಭಾರತಕ್ಕೆ ಮರಳಿದ ರಾಸ್ ಅವರು ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿದರು. ರೋಗಿಗಳನ್ನು ಕಚ್ಚಿದ ಸೊಳ್ಳೆಗಳನ್ನು ಹಿಡಿದು, ಒಂದೊಂದನ್ನೇ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೂರಾರು ಸೊಳ್ಳೆಗಳನ್ನು ನೋಡಿದರೂ ಏನೂ ಸಿಗಲಿಲ್ಲ. ಏಕೆ ಗೊತ್ತೇ? ಅವರು ನೋಡುತ್ತಿದ್ದ ಸೊಳ್ಳೆಗಳು ಬೇರೆ ಜಾತಿಯವು. ಅವು ಮಲೇರಿಯಾವನ್ನು ಹರಡುತ್ತಿರಲಿಲ್ಲ!

ಈ ನಡುವೆ ಬೆಂಗಳೂರಿನಲ್ಲಿ ಕಾಲರಾ ಹರಡಿತು. ಸರ್ಕಾರ ರಾಸ್ ಅವರನ್ನು ಅಲ್ಲಿಗೆ ಕಳುಹಿಸಿತು. ಸಂಶೋಧನೆಯನ್ನು ಬದಿಗಿಟ್ಟು ಅವರು ನಗರದ ನೈರ್ಮಲ್ಯದ ಕೆಲಸಕ್ಕೆ ನಿಂತರು.

1897ರಲ್ಲಿ ರಾಸ್ ಅವರು ನೀಲಗಿರಿಗೆ ಬಂದರು. ಸೀಗೂರು ಘಾಟಿಯಲ್ಲಿ ಮಲೇರಿಯಾ ಇತ್ತು. ಅದನ್ನು ಕಣ್ಣಾರೆ ನೋಡಬೇಕೆಂದು ಅವರು ಅಲ್ಲಿಗೆ ಹೋದರು. ಕೆಲವೇ ದಿನಗಳಲ್ಲಿ ಅವರಿಗೂ ಮಲೇರಿಯಾ ಬಂದಿತು. ರೋಗವನ್ನು ಹುಡುಕಿ ಹೋದ ವೈದ್ಯರೇ ರೋಗಿಯಾದರು! ಆದರೂ ಅವರು ಎದೆಗುಂದಲಿಲ್ಲ. ಇದೇ ಘಾಟಿಯಲ್ಲಿ ಒಂದು ಹೊಸ ಬಗೆಯ ಸೊಳ್ಳೆ ಗೋಡೆಯ ಮೇಲೆ ಕುಳಿತಿರುವುದನ್ನು ಅವರು ಕಂಡರು. ಅದರ ರೆಕ್ಕೆಗಳ ಮೇಲೆ ಚುಕ್ಕೆಗಳಿದ್ದವು. ಅದು ಕೂರುವ ರೀತಿಯೂ ಬೇರೆ ಇತ್ತು. ಅದನ್ನು ಅವರು ನೆನಪಿನಲ್ಲಿಟ್ಟುಕೊಂಡರು. ಇಂದು ನಾವು ಅನಾಫಿಲಿಸ್ ಎಂದು ಕರೆಯುವ ಸೊಳ್ಳೆ ಇಂಥದ್ದೇ.

ಗುಣವಾದ ಮೇಲೆ ಅವರು ಸಿಕಂದರಾಬಾದಿಗೆ ಮರಳಿದರು. ಅಲ್ಲಿಯೂ ಚುಕ್ಕೆ ರೆಕ್ಕೆಯ ಸೊಳ್ಳೆಗಳು ಸಿಕ್ಕಿದವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಆ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದರು. ಒಂದು ಸೊಳ್ಳೆಗೆ ಒಂದಾಣೆಯಂತೆ ರಾಸ್ ಅವರು ಹಣ ಕೊಟ್ಟರು. ಬೇಸಿಗೆಯಂತಹ ಸೆಕೆ. ಬೀಸಣಿಗೆ ಬೀಸಿದರೆ ಸೀಳಿದ ಸೊಳ್ಳೆ ಹಾರಿಹೋಗುತ್ತದೆ. ಹಣೆಯ ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. 1897ನೆಯ ಆಗಸ್ಟ್ 20ರಂದು, ನಾಲ್ಕು ದಿನಗಳ ಹಿಂದೆ ಹುಸೇನ್ ಖಾನರನ್ನು ಕಚ್ಚಿದ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ ಮಲೇರಿಯಾ ಜೀವಿಯಲ್ಲಿರುವಂತಹ ಕಪ್ಪು ಕಣಗಳಿದ್ದವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಆ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ, ರೋಗದ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು!

ರಾಸ್ ಅವರಿಗೆ ಆದ ಸಂತೋಷಕ್ಕೆ ಪಾರವಿಲ್ಲ. ಈ ಸುದ್ದಿಯನ್ನು ಕುರಿತು ಒಂದು ಕವಿತೆ ಬರೆದು ಪತ್ನಿ ರೋಸಾ ಅವರಿಗೆ ಕಳುಹಿಸಿದರು. ಅವರಿಬ್ಬರ ಮದುವೆಯಾದದ್ದು 1889ರಲ್ಲಿ. ಅವರಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಕೆಲಸದ ಸಲುವಾಗಿ ರಾಸ್ ಅವರು ಹಲವು ಸಲ ಮನೆಯವರಿಂದ ದೂರ ಇರಬೇಕಾಗುತ್ತಿತ್ತು. ಆದರೆ ಬದುಕಿನ ಅತಿ ದೊಡ್ಡ ದಿನದ ಸಂತೋಷವನ್ನು ಅವರು ಹಂಚಿಕೊಂಡದ್ದು ಮನೆಯವರೊಂದಿಗೇ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. 1898ರಲ್ಲಿ ಕಲ್ಕತ್ತೆಯಲ್ಲಿ ಅವರು ಹಕ್ಕಿಗಳಿಗೆ ಬರುವ ಮಲೇರಿಯಾವನ್ನು ಪರೀಕ್ಷಿಸಿದರು. ಮಹಮ್ಮದ್ ಬಕ್ಷ್ ಎಂಬ ಸಹಾಯಕರು ಅವರ ಜೊತೆಗೆ ದುಡಿದರು. ಸೊಳ್ಳೆಯ ಜಠರದಲ್ಲಿ ಬೆಳೆದ ರೋಗದ ಜೀವಿಗಳು ಅದರ ಜೊಲ್ಲುಗ್ರಂಥಿಗೆ ಬಂದು ಸೇರುತ್ತವೆ ಎಂಬುದು ತಿಳಿಯಿತು. ಸೊಳ್ಳೆ ಕಚ್ಚುವಾಗ ಜೊಲ್ಲಿನೊಂದಿಗೆ ಅವು ಇನ್ನೊಂದು ಮೈಗೆ ಇಳಿಯುತ್ತವೆ. ಮನುಷ್ಯರಲ್ಲೂ ಹೀಗೆಯೇ ಆಗುತ್ತದೆ ಎಂದು ಇಟಲಿಯ ವಿಜ್ಞಾನಿಗಳು ಅದೇ ವರ್ಷ ತೋರಿಸಿದರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

1914ರಲ್ಲಿ ಅವರ ಹಿರಿಯ ಮಗ ಯುದ್ಧದಲ್ಲಿ ಮಡಿದನು. ಆ ದುಃಖವನ್ನು ನುಂಗಿಕೊಂಡು ರಾಸ್ ಅವರು ಮಲೇರಿಯಾವನ್ನು ತಡೆಯುವ ಕೆಲಸ ಮುಂದುವರಿಸಿದರು. 1932ನೆಯ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗಸ್ಟ್ 20ನ್ನು ಪ್ರಪಂಚದಾದ್ಯಂತ ಸೊಳ್ಳೆ ದಿನವೆಂದು ಆಚರಿಸುತ್ತಾರೆ.

ಮಕ್ಕಳೇ, ಈ ಗೆಲುವು ಒಬ್ಬರದೇ ಅಲ್ಲ. ದಾರಿ ತೋರಿಸಿದ ಗುರು, ಸೊಳ್ಳೆಗೆ ಕೈಯೊಡ್ಡಿದ ರೋಗಿ, ಜೊತೆಗೆ ದುಡಿದ ಸಹಾಯಕರು ಎಲ್ಲರ ಪಾಲೂ ಅದರಲ್ಲಿದೆ. ಈಗ ನಿಮ್ಮ ಪಾಲಿನ ಕೆಲಸವೂ ಇದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದೆರಡು ವಾರ ಸಾಕು. ಆದ್ದರಿಂದ ಮನೆಯ ಸುತ್ತ ತೆಂಗಿನ ಚಿಪ್ಪು, ಹಳೆಯ ಟೈರು, ಒಡೆದ ಮಡಕೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿರಿ. ನೀರಿನ ತೊಟ್ಟಿಗೆ ಮುಚ್ಚಳ ಹಾಕಿರಿ. ರಾತ್ರಿ ಸೊಳ್ಳೆಪರದೆಯೊಳಗೆ ಮಲಗಿರಿ. ಚಳಿಯೊಡನೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿರಿ. ಇಂದು ಮಲೇರಿಯಾಕ್ಕೆ ಒಳ್ಳೆಯ ಔಷಧಿಗಳಿವೆ.

ಪದಗಳ ಅರ್ಥ
ಘಾಟಿ - ಬೆಟ್ಟದ ಇಳಿಜಾರಿನ ದಾರಿ
ಜೌಗು - ಸದಾ ಒದ್ದೆಯಾಗಿರುವ ನೆಲ
ಜಠರ - ಹೊಟ್ಟೆಯೊಳಗಿನ ಆಹಾರದ ಚೀಲ
ಎದೆಗುಂದು - ಧೈರ್ಯ ಕಳೆದುಕೊಳ್ಳು
ಆಣೆ - ಹಳೆಯ ನಾಣ್ಯ. 16 ಆಣೆಗೆ ಒಂದು ರೂಪಾಯಿ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ರೊನಾಲ್ಡ್ ರಾಸ್ ಅವರು ಎಲ್ಲಿ ಹುಟ್ಟಿದರು?
2. ‘ಮಲೇರಿಯಾ’ ಎಂಬ ಮಾತಿನ ಅರ್ಥವೇನು?
3. ಸೀಗೂರು ಘಾಟಿಯಲ್ಲಿ ರಾಸ್ ಅವರಿಗೆ ಏನಾಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬೆಂಗಳೂರಿನ ಮನೆಯಲ್ಲಿ ರಾಸ್ ಅವರು ಕಲಿತದ್ದೇನು?
2. ಮೊದಲು ನೂರಾರು ಸೊಳ್ಳೆಗಳನ್ನು ನೋಡಿದರೂ ಅವರಿಗೆ ಏಕೆ ಏನೂ ಸಿಗಲಿಲ್ಲ?
3. ಮಲೇರಿಯಾ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹರಡುತ್ತದೆ?

ಇ. ಸ್ವಂತ ವಾಕ್ಯದಲ್ಲಿ ಬಳಸಿರಿ.
ಕಣ್ಣಾರೆ, ಎದೆಗುಂದು, ತಡಮಾಡದೆ

ಈ. ಮಾಡಿ ನೋಡಿರಿ.
ನಿಮ್ಮ ಮನೆ ಮತ್ತು ಶಾಲೆಯ ಸುತ್ತ ನೀರು ನಿಂತಿರುವ ಜಾಗಗಳ ಪಟ್ಟಿ ಮಾಡಿರಿ. ಹಿರಿಯರ ಸಹಾಯದಿಂದ ಆ ನೀರನ್ನು ಚೆಲ್ಲಿರಿ. ಒಂದು ವಾರದ ಬಳಿಕ ಮತ್ತೆ ನೋಡಿ, ಕಂಡದ್ದನ್ನು ತರಗತಿಯಲ್ಲಿ ಹೇಳಿರಿ.