ಕಿತ್ತಳೆ ಬಣ್ಣದ ಆಕಾಶ ಮತ್ತು ನಮ್ಮ ಉಸಿರು

ಮಕ್ಕಳೇ, 2023ರ ಜೂನ್ 7, ಬುಧವಾರ ನಿಮಗೆ ನೆನಪಿದೆಯಾ? ಚಿಕ್ಕವರಾಗಿದ್ದರೆ ಅಪ್ಪ ಅಮ್ಮನನ್ನು ಕೇಳಿ ನೋಡಿ. ಕೆನಡಾದ ಕ್ವಿಬೆಕ್ ಕಾಡುಗಳಲ್ಲಿ ಹತ್ತಿದ ಬೆಂಕಿಯ ಹೊಗೆ ನೂರಾರು ಮೈಲಿ ಹಾರಿ ನಮ್ಮ ನ್ಯೂ ಜೆರ್ಸಿಗೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೇ ಆಕಾಶ ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂದು ನ್ಯೂಯಾರ್ಕ್ ನಗರದಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ 400 ದಾಟಿತು. ಅದು 50ರ ಒಳಗಿದ್ದರೆ ಮಾತ್ರ ಒಳ್ಳೆಯ ಗಾಳಿ ಅಂತ ಲೆಕ್ಕ.

ಆಗ ನನ್ನ ಮಗಳು ಎರಡನೇ ಕ್ಲಾಸು. ಅವಳಿಗೆ ಆಸ್ತಮಾ ಇದೆ. ಸ್ಕೂಲ್ ಬಸ್ಸಿಂದ ಇಳಿದು ಮನೆಗೆ ನಡೆದು ಬರುವಷ್ಟರಲ್ಲಿ ಎದೆಯಿಂದ ಸುಯ್ ಸುಯ್ ಅಂತ ಶಬ್ದ ಶುರುವಾಯಿತು. ಕಿಟಕಿ ಎಲ್ಲಾ ಮುಚ್ಚಿ, ಇನ್‌ಹೇಲರ್ ಕೊಟ್ಟು, ಪಕ್ಕದಲ್ಲಿ ಕೂತುಕೊಂಡೆ. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು ಅವಳು ಕೇಳಿದಳು: "ಅಮ್ಮಾ, ಗಾಳಿ ಒಳಗೆ ಹೋಗಿ ಎಲ್ಲಿ ನಿಲ್ಲುತ್ತೆ?" ಅವತ್ತು ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಈಗ ನಿಮಗೆಲ್ಲ ಹೇಳುತ್ತೇನೆ.

ತಲೆಕೆಳಗಾದ ಮರ

ಮೂಗಿನಿಂದ ಒಳಹೋದ ಗಾಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಅದು ಎರಡು ಕವಲಾಗಿ ಒಂದು ಬಲ ಶ್ವಾಸಕೋಶಕ್ಕೆ, ಇನ್ನೊಂದು ಎಡ ಶ್ವಾಸಕೋಶಕ್ಕೆ ಹೋಗುತ್ತದೆ. ಹೀಗೆ ಸುಮಾರು 23 ಸಲ ಕವಲೊಡೆಯುತ್ತಾ ಹೋಗುತ್ತದೆ. ತಲೆಕೆಳಗಾಗಿ ನಿಂತ ಮರ ಅಂದುಕೊಳ್ಳಿ. ಆ ಮರದ ತುದಿಯಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಪುಟ್ಟ ಪುಟ್ಟ ಗಾಳಿ ಚೀಲಗಳಿವೆ. ಇವೇ ವಾಯುಕೋಶಗಳು. ದೊಡ್ಡವರ ಶ್ವಾಸಕೋಶಗಳಲ್ಲಿ ಇಂಥವು 30 ಕೋಟಿಗೂ ಹೆಚ್ಚು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ಬ್ಯಾಡ್ಮಿಂಟನ್ ಅಂಗಳಕ್ಕಿಂತ ಸ್ವಲ್ಪವೇ ಚಿಕ್ಕದು. ಅಷ್ಟು ಜಾಗ ನಮ್ಮ ಎದೆಯೊಳಗೆ ಮಡಚಿ ಕೂತಿದೆ ನೋಡಿ!

ಕೊಡು, ತಗೋ

ಪ್ರತಿ ವಾಯುಕೋಶದ ಸುತ್ತಲೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ ಇದೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಎಷ್ಟು ತೆಳು ಗೊತ್ತಾ? ನಮ್ಮ ತಲೆಕೂದಲಿನ ದಪ್ಪದ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಈ ಗೋಡೆಯನ್ನು ಅನಿಲಗಳು ದಾಟುವುದು ಹೇಗೆ? ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಹಾಕಿದರೆ ಮಹಡಿ ಮೇಲಿನ ರೂಮಿಗೂ ವಾಸನೆ ಬರುತ್ತದಲ್ಲವೇ? ಯಾರೂ ಅದನ್ನು ಹೊತ್ತು ತಂದಿಲ್ಲ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅದು ತಾನೇ ಹರಡುತ್ತದೆ. ಇದಕ್ಕೆ ವಿಸರಣ ಎನ್ನುತ್ತಾರೆ. ಒಳಬಂದ ಗಾಳಿಯಲ್ಲಿ ಆಮ್ಲಜನಕ ಹೆಚ್ಚು, ಮೈಯೆಲ್ಲಾ ಸುತ್ತಿ ಬಂದ ರಕ್ತದಲ್ಲಿ ಕಡಿಮೆ. ಆದ್ದರಿಂದ ಆಮ್ಲಜನಕ ರಕ್ತದ ಕಡೆಗೆ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಆ ರಕ್ತದಲ್ಲಿ ಹೆಚ್ಚು, ವಾಯುಕೋಶದಲ್ಲಿ ಕಡಿಮೆ. ಆದ್ದರಿಂದ ಅದು ಗಾಳಿಯ ಕಡೆಗೆ ಬರುತ್ತದೆ.

ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ರೈಲು ನಿಂತಾಗ ಒಂದೇ ಪ್ಲಾಟ್‌ಫಾರಂನಲ್ಲಿ ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಇಲ್ಲೂ ಹಾಗೇ. ಕೆಂಪು ರಕ್ತಕಣದಲ್ಲಿರುವ ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲೂ ಆಮ್ಲಜನಕಕ್ಕೆ ನಾಲ್ಕು ಸೀಟು. ಇಂಗಾಲದ ಡೈಆಕ್ಸೈಡ್‌ನ ಬಹುಪಾಲು ಬೈಕಾರ್ಬೊನೇಟ್ ಎಂಬ ರೂಪದಲ್ಲಿ ರಕ್ತದ ನೀರಿನಲ್ಲೇ ಕರಗಿ ಬರುತ್ತದೆ. ಸುಮ್ಮನೆ ಕೂತಿದ್ದಾಗ ರಕ್ತಕಣ ಈ ಸ್ಟೇಷನ್ ದಾಟಲು ತೆಗೆದುಕೊಳ್ಳುವುದು ಮುಕ್ಕಾಲು ಸೆಕೆಂಡು ಮಾತ್ರ.

ಒಂದು ತಪ್ಪು ತಿಳಿವಳಿಕೆ. "ಆಮ್ಲಜನಕ ಒಳಗೆ, ಇಂಗಾಲದ ಡೈಆಕ್ಸೈಡ್ ಹೊರಗೆ" ಅಂತ ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ನಿಜವೇನೆಂದರೆ, ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಭಾಗ. ಹೊರಬರುವ ಗಾಳಿಯಲ್ಲೂ ಸುಮಾರು 16 ಭಾಗ ಇರುತ್ತದೆ! ಇಂಗಾಲದ ಡೈಆಕ್ಸೈಡ್ ಮಾತ್ರ 0.04ರಿಂದ 4 ಭಾಗಕ್ಕೆ ಏರುತ್ತದೆ. ಉಸಿರು ನಿಂತವರಿಗೆ ಬಾಯಿಂದ ಬಾಯಿಗೆ ಗಾಳಿ ಊದಿ ಬದುಕಿಸಲು ಸಾಧ್ಯವಾಗುವುದು ಇದರಿಂದಲೇ.

ಹೊಗೆ ಏನು ಮಾಡಿತು?

ದಪ್ಪ ಧೂಳನ್ನು ಮೂಗಿನ ಕೂದಲು, ಸಿಂಬಳ ಹಿಡಿದು ನಿಲ್ಲಿಸುತ್ತವೆ. ಕಾಡಿನ ಹೊಗೆಯ ಕಣಗಳು ಕೂದಲಿನ ದಪ್ಪದ ಮೂವತ್ತನೇ ಒಂದು ಭಾಗಕ್ಕಿಂತಲೂ ಸಣ್ಣವು. ಅವು ತಪ್ಪಿಸಿಕೊಂಡು ವಾಯುಕೋಶದವರೆಗೂ ಇಳಿಯುತ್ತವೆ. ಅಲ್ಲಿ ಕಸ ನುಂಗುವ ಕಾವಲು ಕಣಗಳಿವೆ, ಆದರೆ ಕಸ ತುಂಬಾ ಆದರೆ ಅವಕ್ಕೂ ಕಷ್ಟ. ಆಸ್ತಮಾ ಇರುವವರಲ್ಲಿ ಹೊಗೆ ತಾಗಿದ ಕೂಡಲೇ ಸಣ್ಣ ನಾಳಗಳು ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿಯುತ್ತದೆ. ದಾರಿ ಕಿರಿದಾಗುತ್ತದೆ. ಸುಯ್ ಸುಯ್ ಅನ್ನುವುದು ಆ ಕಿರಿದಾದ ದಾರಿಯ ಶಬ್ದ. ನನ್ನ ಮಗಳ ಇನ್‌ಹೇಲರ್ ಆ ಸ್ನಾಯುವನ್ನು ಸಡಿಲ ಮಾಡಿತು, ಅಷ್ಟೇ.

ಆದ್ದರಿಂದ ನಿಮ್ಮ ಗೆಳೆಯ ಆಟದ ಮಧ್ಯೆ ನಿಂತು ಇನ್‌ಹೇಲರ್ ತೆಗೆದರೆ ನಗಬೇಡಿ, ಪಕ್ಕದಲ್ಲಿ ನಿಲ್ಲಿ. ಉಸಿರು ಸರಿಹೋಗದಿದ್ದರೆ ತಕ್ಷಣ ದೊಡ್ಡವರನ್ನು ಕರೆಯಿರಿ.

ಮನೆಯಲ್ಲಿ ಮಾಡಿ ನೋಡಿ (ದೊಡ್ಡವರು ಜೊತೆಗಿರಲಿ)

1. ಅಜ್ಜಿಯ ಎಲೆ ಅಡಿಕೆ ತಟ್ಟೆಯಿಂದ ಸ್ವಲ್ಪ ಸುಣ್ಣ ತೆಗೆದುಕೊಂಡು ನೀರಲ್ಲಿ ಕಲಸಿ. ಕೆಳಗೆ ತಂಗಿದ ಮೇಲೆ ತಿಳಿನೀರನ್ನು ಬೇರೆ ಲೋಟಕ್ಕೆ ಬಗ್ಗಿಸಿ, ಸ್ಟ್ರಾದಿಂದ ಮೆಲ್ಲಗೆ ಊದಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಹಾಗೆ ಮಾಡಿದ್ದು ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್. ಊದಬೇಕು, ಹೀರಬಾರದು! ಸುಣ್ಣದ ನೀರು ಬಾಯಿಗೆ, ಕಣ್ಣಿಗೆ ತಾಗಬಾರದು.

2. ಸುಮ್ಮನೆ ಕೂತು ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೀರಿ ಎಣಿಸಿ. ಎರಡು ನಿಮಿಷ ಓಡಿ ಬಂದು ಮತ್ತೆ ಎಣಿಸಿ. ಏಕೆ ಜಾಸ್ತಿಯಾಯಿತು? ಉತ್ತರವನ್ನು ಕನ್ನಡದಲ್ಲಿ ಎರಡು ಸಾಲು ಬರೆದು ಮುಂದಿನ ಕ್ಲಾಸಿಗೆ ತನ್ನಿ.